ಮಳೆ ಇಲ್ಲದಿದ್ದರೂ ಫೈಬರ್ ಶೀಟಿನ ಶೆಡ್ಡಿನೊಳಗೆ ನೀರು ತೊಟ್ಟಿಕ್ಕುತ್ತದೆ, ಏನು ಮಾಡಲಿ?

ಶಿಡ್ಲಘಟ್ಟದ ಹತ್ತಿರ ತೋಟದ ಶೆಡ್ಡು, ಬೆಳಗ್ಗೆ ರಾಗಿ ಮೂಟೆ ಒದ್ದೆ ಅಂದಿದ್ದೀರಿ. ಶೀಟು ತೂತಾಗಿದೆ ಅಂತ ಸುಮ್ನೆ ಟಾರು ಹಚ್ಚಬೇಡಿ. ಮೋಡವಿಲ್ಲದ ಚಳಿಗಾಲದ ರಾತ್ರಿ ತೆಳು ಶೀಟು ಹೊರಗಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಒಳಗಿನ ತೇವ ಅದಕ್ಕೆ ತಾಗಿ ನೀರಾಗುತ್ತದೆ. ತಣ್ಣೀರಿನ ಚೊಂಬು ಬೆವರುತ್ತಲ್ವಾ, ಹಾಗೆ.

ಮೊದಲು ಗಾಳಿ ಆಡಲು ಬಿಡಿ. ಸೂರಿನ ಕೆಳಗೆ ಎರಡೂ ಕಡೆ ಉದ್ದಕ್ಕೂ ಅರ್ಧ ಗೇಣು ಸಂದು ಇರಲಿ, ಹಾಗೆಯೇ ಚಾವಣಿಯ ನೆತ್ತಿಯಲ್ಲೂ. ಇಲಿ ಬರದಂತೆ ಜಾಲರಿ ಹೊಡೆಯಿರಿ. ಚಳಿ ಅಂತ ನಮ್ಮವರು ಸಂದಿಗೆಲ್ಲ ಗೋಣಿಚೀಲ ತುರುಕುತ್ತಾರೆ. ಅದರಿಂದ ಹನಿ ಇನ್ನೂ ಜಾಸ್ತಿ.

ಮಣ್ಣಿನ ನೆಲವಾದರೆ ತೇವ ಅಲ್ಲಿಂದಲೂ ಏಳುತ್ತದೆ, ದಪ್ಪ ಟಾರ್ಪಾಲು ಹಾಸಿ. ಹಸಿ ಹಿಪ್ಪುನೇರಳೆ ಸೊಪ್ಪನ್ನು ಒಳಗೆ ರಾಶಿ ಹಾಕಬೇಡಿ.

ಶೀಟಿನ ಒಳಬದಿಗೆ ಥರ್ಮೋಕೋಲ್ ಅಂಟಿಸಬಹುದು. ಆದರೆ ಥರ್ಮೋಕೋಲ್ ಹಾಳೆಗಳು ಸೇರುವ ಕಡೆಯೆಲ್ಲ ಟೇಪ್ ಹಾಕದಿದ್ದರೆ ತೇವ ಅದರ ಹಿಂದೆ ಸೇರಿ ಅಲ್ಲೇ ನೀರಾಗುತ್ತದೆ, ಕಣ್ಣಿಗೂ ಬೀಳುವುದಿಲ್ಲ. ಬೆಂಕಿಯೂ ಬೇಗ ಹಿಡಿಯುತ್ತದೆ. ನನ್ನ ಕೇಳಿದರೆ, ಸಂದು ಬಿಟ್ಟು ಒಂದು ವಾರ ನೋಡಿ. ಅಲ್ಲಿವರೆಗೆ ಮೂಟೆಗಳನ್ನು ಹಲಗೆ ಮೇಲಿಟ್ಟು ಹೊದಿಸಿ.