ಒಂದೇ ತರಗತಿಯಲ್ಲಿ ಬೇರೆ ಬೇರೆ ಮಟ್ಟದ ಮಕ್ಕಳು: ಪಾಠ ಹೇಗೆ ಮಾಡುವುದು?

ನಿಮ್ಮ ಎರಡನೇ ತರಗತಿಯಲ್ಲಿ ಕೆಲವರು ಸರಾಗವಾಗಿ ಓದುತ್ತಾರೆ, ಕೆಲವರಿಗೆ ಅಕ್ಷರವೇ ಬರುವುದಿಲ್ಲ, ತಾಂಡಾದಿಂದ ಬರುವವರಿಗೆ ಕನ್ನಡವೇ ಹೊಸದು. ಎಲ್ಲರಿಗೂ ಒಗ್ಗುವ ಪಾಠ ಯಾವುದು ಎಂದು ಕೇಳಿದ್ದೀರಿ.

ಅಂಥ ಒಂದು ಪಾಠ ಇಲ್ಲ. ನಾನು ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ತರಗತಿ ನೋಡಿಕೊಳ್ಳುತ್ತೇನೆ. ಮಕ್ಕಳು ಹಾಡು, ಆಟ, ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ ಇದು. ಎಲ್ಲರಿಗೂ ಒಂದೇ ಹೊತ್ತಿಗೆ ಒಂದೇ ಪಾಠ ಅನ್ನುವ ಹಟ ಬಿಟ್ಟರೆ ಅರ್ಧ ಕಷ್ಟ ಕಳೆಯುತ್ತದೆ.

ನಲಿ-ಕಲಿ ಶುರುವಾಗಿದ್ದು 1995ರಲ್ಲಿ, ಎಚ್.ಡಿ. ಕೋಟೆ ತಾಲೂಕಿನಲ್ಲಿ. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದ ಮೇಷ್ಟ್ರುಗಳೇ ಅದರ ಕಾರ್ಡು, ಹಾಡು, ಆಟ ಹೆಣೆದರು. ಪಾಠವನ್ನು ಚಿಕ್ಕ ಚಿಕ್ಕ ಮೆಟ್ಟಿಲು ಮಾಡಿ ‘ಕಲಿಕಾ ಏಣಿ’ ಅನ್ನುವ ಪಟ್ಟಿಯಲ್ಲಿ ಬರೆದಿರುತ್ತದೆ. ತಾನು ಎಲ್ಲಿದ್ದೇನೆ ಅಂತ ಮಗುವೇ ನೋಡಿಕೊಂಡು ಕಾರ್ಡು ತೆಗೆದುಕೊಳ್ಳುತ್ತದೆ. ಅಪ್ಪ ಅಮ್ಮನ ಜೊತೆ ಕಬ್ಬು ಕಡಿಯಲು ಹೋಗಿ ತಿಂಗಳು ಬಿಟ್ಟು ಬಂದರೂ, ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಗುಂಪುಗಳು ಐದು. ಒಂದರಲ್ಲಿ ಪೂರ್ತಿ ಶಿಕ್ಷಕರ ಸಹಾಯ, ನಡುವೆ ಗೆಳೆಯರ ಸಹಾಯ, ಕೊನೆಯದರಲ್ಲಿ ಮಗು ತಾನೇ. ಹಾಗಾಗಿ ನಿಜವಾಗಿ ಸಹಾಯ ಬೇಕಾದವರ ಪಕ್ಕ ಕೂರಲು ನಿಮಗೆ ಸಮಯ ಸಿಗುತ್ತದೆ.

ಇದರಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ಅಕ್ಷರಗಳ ಸಾಲು. ಅ ಆ ಇ ಈ ಅಂತ ಹೋಗುವುದಿಲ್ಲ. ಮೊದಲು ರ, ಗ, ಸ, ದ, ಅ. ಈ ಐದು ಬಂದರೆ ಸರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಇಡೀ ವರ್ಣಮಾಲೆ ಮುಗಿಯುವವರೆಗೆ ಕಾಯಬೇಕಿಲ್ಲ. ‘ನನಗೂ ಓದೋಕೆ ಬರುತ್ತೆ’ ಅಂತ ಗೊತ್ತಾದ ಮಗುವನ್ನು ಹಿಡಿದು ಕೂರಿಸಬೇಕಾಗಿಲ್ಲ, ಅಲ್ವಾ?

ಕಾರ್ಡು ಮುಗಿಸಿದ್ದೇ ಕಲಿಕೆ ಅಂದುಕೊಳ್ಳಬೇಡಿ. ಎಷ್ಟೋ ಕಡೆ ಪ್ರಗತಿ ಪಟ್ಟಿಯಲ್ಲಿ ಸುಮ್ನೆ ಗುರುತು ಹಾಕುತ್ತಾ ಹೋಗುತ್ತಾರೆ. ಆಗಾಗ ಕರೆದು ಓದಿಸಿ ನೋಡಿ.

ತಾಂಡಾದ ಮಕ್ಕಳು ಚಿತ್ರ ನೋಡಿ ಮೊದಲು ಲಂಬಾಣಿಯಲ್ಲೇ ಕಥೆ ಹೇಳಲಿ. ಎರಡೂ ಭಾಷೆ ಬರುವ ಮಗು ಅದನ್ನು ಕನ್ನಡದಲ್ಲಿ ಹೇಳಲಿ. ಕಿವಿ ಮಂದವಿರುವ ಮಗು ಇದ್ದರೆ ಮುಂದೆ ಕೂರಿಸಿ, ಬೋರ್ಡಿನ ಕಡೆ ತಿರುಗಿ ಮಾತಾಡಬೇಡಿ. ಕಣ್ಣು ಮಂದವಿದ್ದರೆ ಬರೆದದ್ದನ್ನೆಲ್ಲ ಜೋರಾಗಿ ಓದಿ. ಇದಕ್ಕೆ ದುಡ್ಡೇನೂ ಬೇಡ.

ಕಾರ್ಡು ಇಲ್ಲದಿದ್ದರೆ ಹಳೇ ಕ್ಯಾಲೆಂಡರಿನ ಹಿಂಬದಿ ಸಾಕು. ಕೊಠಡಿಯಲ್ಲಿ ಗಲಾಟೆಯಂತೂ ಆಗೇ ಆಗುತ್ತದೆ. ಹೆಡ್‌ಮಾಸ್ಟರಿಗೆ ಮೊದಲೇ ಒಂದು ಮಾತು ಹೇಳಿಡಿ.