ಹತ್ತನೆಯದು ಯಾರ ಕೆಲಸ?

ಇದರಲ್ಲಿ ಬರುವವರ ಹೆಸರು, ವಯಸ್ಸು, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಆಸ್ಪತ್ರೆ ಯಾವುದೆಂದು ಹೇಳುವುದಿಲ್ಲ, ದಯವಿಟ್ಟು ಊಹಿಸಲೂ ಹೋಗಬೇಡಿ.

ಪ್ರಕಾಶ್ ಎಂದು ಕರೆಯೋಣ. ಮೂವತ್ತೈದರ ಆಸುಪಾಸು. ಕಾಸರಗೋಡಿನ ಕುಂಬಳೆ ಕಡೆಯವರು. ಗಡಿಯಾಚೆ, ಕರ್ನಾಟಕದ ಒಂದು ಆಸ್ಪತ್ರೆಯಲ್ಲಿ, ಮನೋರೋಗ ವಿಭಾಗದ ಗಂಡಸರ ವಾರ್ಡಿನಲ್ಲಿ ನರ್ಸ್. ವಾರ್ಡಿನಲ್ಲಿ ಎಲ್ಲರಿಗೂ ಅವರು ‘ಬ್ರದರ್’. ದಿನಾ ರೈಲಿನಲ್ಲಿ ಓಡಾಟ. ನಮ್ಮಲ್ಲಿ ಇದು ಹೊಸತಲ್ಲ. ಮಂಜೇಶ್ವರ, ಕುಂಬಳೆ, ಬದಿಯಡ್ಕದವರು ಕೆಲಸಕ್ಕೂ ಗಡಿ ದಾಟುತ್ತಾರೆ, ಕಾಯಿಲೆಗೂ ದಾಟುತ್ತಾರೆ. 2020ರಲ್ಲಿ ಕೊರೊನಾಕ್ಕೆಂದು ತಲಪಾಡಿ ಗಡಿಯಲ್ಲಿ ರಸ್ತೆ ಮುಚ್ಚಿದಾಗ ಅದು ಎಲ್ಲರಿಗೂ ಅರ್ಥವಾಯಿತು.

ಹೆಂಡತಿಯ ಜೊತೆ ನನ್ನ ಹತ್ತಿರ ಆಪ್ತಸಲಹೆಗೆ ಬಂದಿದ್ದರು. ತಂದದ್ದು ಒಂದು ಸಣ್ಣ ಪ್ರಶ್ನೆ. “ನನ್ನನ್ನು ಟ್ರೈನರ್ ಮಾಡ್ತೇವೆ ಅಂತ ಹೇಳ್ತಿದ್ದಾರೆ ಮೇಡಂ. ಒಪ್ಪಿಕೊಳ್ಳಲಾ, ಬೇಡವಾ?”

ಹೆಂಡತಿಗೆ ಇದು ಪ್ರಶ್ನೆಯೇ ಅಲ್ಲ. “ನೈಟ್ ಇಲ್ಲ, ಸಂಬಳ ಸ್ವಲ್ಪ ಜಾಸ್ತಿ. ಇವರು ಮಾತ್ರ ಒಂದು ತಿಂಗಳಿಂದ ನಿದ್ದೆ ಮಾಡ್ತಿಲ್ಲ. ಒಳ್ಳೆ ಸುದ್ದಿಗೆ ಯಾರಾದ್ರೂ ನಿದ್ದೆ ಬಿಡ್ತಾರಾ?”

ವಿಷಯ ಇದು. ಆಸ್ಪತ್ರೆಯವರು ಸಿಬ್ಬಂದಿಗೆ ವಿಆರ್ (ವರ್ಚುವಲ್ ರಿಯಾಲಿಟಿ) ತರಬೇತಿ ಶುರುಮಾಡಿದ್ದರು. ರೋಗಿ ಸಿಟ್ಟಿಗೆದ್ದಾಗ, ಕೈ ಎತ್ತುವ ಹಂತಕ್ಕೆ ಬಂದಾಗ ಹೇಗೆ ನಿಭಾಯಿಸಬೇಕು ಎಂಬ ಅಭ್ಯಾಸ. ತಲೆಗೆ ಹೆಡ್‌ಸೆಟ್ ಹಾಕಿಕೊಂಡರೆ ಕಣ್ಣ ಮುಂದೆ ಒಂದು ವಾರ್ಡ್. ನರ್ಸಿಂಗ್ ಸ್ಟೇಷನ್ ಎದುರು ಒಬ್ಬ ರೋಗಿ. ಮನೆಗೆ ಫೋನ್ ಮಾಡಬೇಕು ಎನ್ನುತ್ತಾನೆ. ಈಗ ಆಗುವುದಿಲ್ಲ ಎಂದು ನೀವು ಹೇಳಬೇಕು. ನೀವು ಹೇಳಿದ ರೀತಿ ನೋಡಿಕೊಂಡು ಅವನು ಸಮಾಧಾನ ಆಗುತ್ತಾನೆ, ಇಲ್ಲವೇ ಹತ್ತಿರ ಬರುತ್ತಾನೆ, ದನಿ ಏರಿಸುತ್ತಾನೆ, ಮುಷ್ಟಿ ಬಿಗಿಯುತ್ತಾನೆ. ಪಕ್ಕದಲ್ಲಿ ಟ್ಯಾಬ್ ಹಿಡಿದು ನಿಂತ ತರಬೇತುದಾರರು ಅವನ ಸಿಟ್ಟನ್ನು ಏರಿಸಬಹುದು, ಇಳಿಸಬಹುದು. ಕೊನೆಗೆ ಅಂಕ ಬರುತ್ತದೆ. ಎಷ್ಟು ದೂರ ನಿಂತಿರಿ, ದನಿ ಹೇಗಿತ್ತು, ಕೈ ಅವನಿಗೆ ಕಾಣುವಂತೆ ಇತ್ತೇ, ಬಾಗಿಲಿನ ದಾರಿ ಬಿಟ್ಟಿದ್ದಿರಾ.

ಇಂಥ ಅಭ್ಯಾಸದ ಮೇಲೆ ನನಗೆ ಗೌರವ ಇದೆ. ನಿಜವಾದ ರೋಗಿಯ ಮೇಲೆ ಪ್ರಯೋಗ ಮಾಡದೆ, ಯಾರಿಗೂ ಪೆಟ್ಟಾಗದೆ, ಒಂದೇ ಸನ್ನಿವೇಶವನ್ನು ಬೇಕಾದಷ್ಟು ಸಲ ಮಾಡಿ ನೋಡಬಹುದು. ಕೆಲವರಿಗೆ ತಲೆ ಸುತ್ತುತ್ತದೆ, ವಾಕರಿಕೆ ಬರುತ್ತದೆ. ಕಣ್ಣು ನಡೆಯುತ್ತಿದ್ದೇನೆ ಅಂದರೆ ಒಳಕಿವಿ ನಿಂತಿದ್ದೇನೆ ಅನ್ನುತ್ತದಲ್ಲ, ಅದಕ್ಕೆ. ಪ್ರಕಾಶ್‌ಗೆ ಅದೂ ಆಗಲಿಲ್ಲ. ಅವರ ದೂರು ಒಂದೇ ಇತ್ತು. ಆ ರೋಗಿ ಹಿಂದಿಯಲ್ಲಿ ಮಾತಾಡುತ್ತಾನಂತೆ. “ನಮ್ಮ ವಾರ್ಡಲ್ಲಿ ತುಳು, ಮಲಯಾಳಂ, ಬ್ಯಾರಿ. ಹಿಂದಿಯಲ್ಲಿ ಸಿಟ್ಟು ಬರುವವರು ಎಷ್ಟು ಜನ ಇದ್ದಾರೆ ಮೇಡಂ?”

ಇಡೀ ವಿಭಾಗದಲ್ಲಿ ಅತಿ ಹೆಚ್ಚು ಅಂಕ ಅವರದ್ದೇ. ಎಲ್ಲರೂ ಚಪ್ಪಾಳೆ ತಟ್ಟಿದರು. ಟ್ರೈನರ್ ಮಾಡುವ ಮಾತು ಬಂದದ್ದು ಹಾಗೆ. ನಿದ್ದೆ ಕೆಟ್ಟದ್ದೂ ಅದೇ ವಾರದಿಂದ.

ಮುಂದಿನ ಭೇಟಿಗೆ ಒಬ್ಬರೇ ಬನ್ನಿ ಎಂದೆ. ಆಗ ಹಳೆಯ ಒಂದು ರಾತ್ರಿಯ ಕತೆ ಹೊರಬಂತು.

ಕಳೆದ ವರ್ಷದ ಮಳೆಗಾಲ. ನೈಟ್ ಡ್ಯೂಟಿ. ಸುಮಾರು ಇಪ್ಪತ್ತೈದರ ಒಬ್ಬ ಹುಡುಗ, ದಾಖಲಾಗಿ ಎರಡೇ ದಿನ ಆಗಿತ್ತು. ರಾತ್ರಿ ಒಂಬತ್ತು ದಾಟಿದ ಮೇಲೆ ಬಂದು ಅಮ್ಮನಿಗೆ ಫೋನ್ ಮಾಡಬೇಕು ಎಂದ. ಎಂಟರ ನಂತರ ಫೋನ್ ಇಲ್ಲ, ಅದು ವಾರ್ಡಿನ ನಿಯಮ. ‘ನಾಳೆ ನೋಡುವ’ ಎಂದು ಪ್ರಕಾಶ್ ಔಷಧಿ ಟ್ರಾಲಿ ಕಡೆ ತಿರುಗಿದರು. ಹುಡುಗ ಕಾಲರ್ ಹಿಡಿದು ಮುಖಕ್ಕೆ ಗುದ್ದಿದ. ಕನ್ನಡಕ ಒಡೆಯಿತು, ಹುಬ್ಬು ಸೀಳಿತು. ಮೂರು ಜನ ಸೇರಿ ಅವನನ್ನು ಹಿಡಿದರು, ಮಂಚಕ್ಕೆ ಕಟ್ಟಿದರು, ವೈದ್ಯರು ಬಂದು ಇಂಜೆಕ್ಷನ್ ಹೇಳಿದರು. ಪ್ರಕಾಶ್ ಹೊಲಿಗೆ ಹಾಕಿಸಿಕೊಂಡರು. ಒಂದು ದಿನ ರಜೆ. ಮರುದಿನ ಮತ್ತೆ ಅದೇ ವಾರ್ಡ್.

“ಪೆಟ್ಟು ದೊಡ್ಡ ವಿಷಯ ಅಲ್ಲ ಮೇಡಂ. ಈ ಕೆಲಸದಲ್ಲಿ ಅದು ಉಂಟು,” ಎಂದರು. ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು. “ಅವನ ಕೈ ಮೇಲೆ ನಾನು ಮೊಣಕಾಲು ಇಟ್ಟಿದ್ದೆ. ಅವನು ಒದ್ದಾಡುವುದು ನಿಲ್ಲಿಸಿದ ಮೇಲೂ ತೆಗೆಯಲಿಲ್ಲ. ಆಗ ನನಗೆ ಖುಷಿ ಆಯ್ತು.”

ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ಹೇಳಲು ಜಾಗವೇ ಇರಲಿಲ್ಲ. ಇನ್‌ಚಾರ್ಜ್ ಸಿಸ್ಟರ್ ವರದಿ ಬರೆಸಿಕೊಂಡಿದ್ದರು: ಎಷ್ಟು ಗಂಟೆಗೆ, ಯಾರು ಇದ್ದರು, ಎಷ್ಟು ಹೊಲಿಗೆ. ಅದರ ಕೆಳಗೆ ಸಹಿ. ಮುಗಿಯಿತು.

ಹೆಡ್‌ಸೆಟ್ ಒಳಗೆ ಅದೇ ದೃಶ್ಯ ಬಂತು. ಅದೇ ಫೋನ್. ಈ ಸಲ ಅವರು ಎರಡು ತೋಳಿನಷ್ಟು ದೂರ ನಿಂತು, ತಗ್ಗಿದ ದನಿಯಲ್ಲಿ, ಒಂದೂ ತಪ್ಪಿಲ್ಲದೆ ಮಾಡಿದರು. ಚಪ್ಪಾಳೆ ಬಿತ್ತು. “ಆ ಗೊಂಬೆಯ ಹತ್ತಿರ ನಾನು ಅಷ್ಟು ಒಳ್ಳೆಯವನು. ಆ ಹುಡುಗ ಈಗಲೂ ತಿಂಗಳಿಗೊಮ್ಮೆ ಓಪಿಗೆ (ಹೊರರೋಗಿ ವಿಭಾಗಕ್ಕೆ) ಬರ್ತಾನೆ. ಅವನು ಬರುವ ದಿನ ನಾನು ಸ್ಟೋರ್ ರೂಮಿನಲ್ಲಿ ಇರ್ತೇನೆ. ನಾನು ಇನ್ನೊಬ್ಬರಿಗೆ ಕಲಿಸುವುದಾ?”

ಮೊದಲು ನೋಡಿದ್ದು ಅವರ ಆರೋಗ್ಯ. ನಿದ್ದೆ ಇಲ್ಲ, ಹಿಂದಿನಿಂದ ಯಾರಾದರೂ ಬಂದರೆ ಬೆಚ್ಚಿಬೀಳುತ್ತಾರೆ, ಒಂದು ನಿರ್ದಿಷ್ಟ ಮಂಚದ ಹತ್ತಿರ ಹೋಗುವುದಿಲ್ಲ. ಇಂಥ ಲಕ್ಷಣ ತಿಂಗಳಿಗಿಂತ ಜಾಸ್ತಿ ಉಳಿದರೆ ಮನೋವೈದ್ಯರು ನೋಡಲೇಬೇಕು. ಅವರಿಗೆ ನಾಚಿಕೆ. ತಾನು ಕೆಲಸ ಮಾಡುವ ಜಾಗದಲ್ಲೇ ಟೋಕನ್ ತೆಗೆಯುವುದು ಹೇಗೆ? ಅಲ್ಲೇ ತೋರಿಸಬೇಕೆಂದು ಯಾರು ಹೇಳಿದರು? ನಮ್ಮ ಕಾಸರಗೋಡಿನ ಹೊಸದುರ್ಗದ ಕಡೆಯ ಒಬ್ಬ ಮನೋವೈದ್ಯರಿಗೆ ಚೀಟಿ ಕೊಟ್ಟೆ. ಅವರು ನೋಡಿ, ಸದ್ಯಕ್ಕೆ ಮಾತ್ರೆ ಬೇಡ, ಆಪ್ತಸಲಹೆ ಮುಂದುವರಿಯಲಿ, ತಿಂಗಳು ಬಿಟ್ಟು ಮತ್ತೆ ಬನ್ನಿ ಎಂದರು.

ಆ ‘ಖುಷಿ’ಯ ಬಗ್ಗೆ ನಾವು ಹೆಚ್ಚು ಹೊತ್ತು ಮಾತಾಡಿದೆವು. ಪೆಟ್ಟು ಬಿದ್ದ ಕ್ಷಣದಲ್ಲಿ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ. ಗೆದ್ದೆ ಅನ್ನಿಸಿದಾಗ ಒಂದು ಬಿಡುಗಡೆ ಸಿಗುತ್ತದೆ. ಅದು ಅವರೊಬ್ಬರ ಕ್ರೌರ್ಯ ಅಲ್ಲ, ಯಾವ ಮನುಷ್ಯನ ಮೈಯಲ್ಲೂ ಆಗುವಂಥದ್ದು. ಇಷ್ಟು ಹೇಳಿ ಬೆನ್ನು ತಟ್ಟಿ ಕಳಿಸುವ ಆಪ್ತಸಲಹೆ ನನಗೆ ಇಷ್ಟ ಇಲ್ಲ. ಯಾಕೆಂದರೆ ಮೊಣಕಾಲು ತೆಗೆಯದೆ ಇದ್ದದ್ದೂ ನಿಜ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 97ನೇ ಸೆಕ್ಷನ್ ಈ ಬಗ್ಗೆ ಸ್ಪಷ್ಟವಾಗಿದೆ. ಕೂಡಲೇ ಆಗಬಹುದಾದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ರೋಗಿಯನ್ನು ಹಿಡಿದು ಕಟ್ಟಬಹುದು. ಚಿಕಿತ್ಸೆಯ ಹೊಣೆ ಹೊತ್ತ ಮನೋವೈದ್ಯರ ಅನುಮತಿ ಬೇಕು. ಬೇಕಾದ್ದಕ್ಕಿಂತ ಒಂದು ಕ್ಷಣವೂ ಹೆಚ್ಚು ಕೂಡದು. ಶಿಕ್ಷೆಯಾಗಿ ಕೂಡದು. ಸಿಬ್ಬಂದಿ ಸಾಲದು ಎಂಬ ಕಾರಣಕ್ಕೂ ಕೂಡದು. ರೋಗಿ ನೇಮಿಸಿದ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ಅಂದು ಆ ಹುಡುಗನ ಮನೆಯವರಿಗೆ ತಿಳಿಸಿದ್ದಾರಾ ಎಂದು ಕೇಳಿದೆ. ಪ್ರಕಾಶ್‌ಗೆ ಗೊತ್ತಿರಲಿಲ್ಲ. ಕೇಸ್ ಶೀಟ್‌ನಲ್ಲಿ ಏನು ಬರೆದಿದೆ ಎಂದು ಇನ್‌ಚಾರ್ಜ್ ಹತ್ತಿರ ಕೇಳಿ ಎಂದೆ. ತಪ್ಪಿತಸ್ಥ ಭಾವನೆಯನ್ನು ಒಳಗೇ ಇಟ್ಟುಕೊಂಡು ಕೊರಗುವುದಕ್ಕಿಂತ ಇದು ಕಷ್ಟ, ಆದರೆ ಉಪಯೋಗ ಇರುವ ಕೆಲಸ.

ಇನ್ನು ತರಬೇತಿಯ ವಿಷಯ. ಒಂದು ಪ್ರಶ್ನೆ ಕೇಳಿದೆ: “ಆ ಹೆಡ್‌ಸೆಟ್ ಒಳಗೆ ರೋಗಿಗೆ ಫೋನ್ ಕೊಟ್ಟುಬಿಡುವ ದಾರಿ ಇದೆಯಾ?”

ಅವರು ಯೋಚಿಸಿದರು. “ಇಲ್ಲ. ಇಲ್ಲ ಅಂತ ಹೇಗೆ ಹೇಳ್ತೇವೆ ಅನ್ನುವುದಕ್ಕೇ ಮಾರ್ಕ್.”

ಅಲ್ಲೇ ನನಗೆ ತಕರಾರು ಇರುವುದು. ಅದೇ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ, ದಾಖಲಾದ ವ್ಯಕ್ತಿಗೆ ಸರಿಯಾದ ಸಮಯದಲ್ಲಿ ಫೋನ್ ಮಾಡುವ, ಫೋನ್ ತೆಗೆದುಕೊಳ್ಳುವ ಹಕ್ಕು ಇದೆ. ಆಸ್ಪತ್ರೆಯ ನಿಯಮಕ್ಕೆ ಒಳಪಟ್ಟು, ನಿಜ. ಆದರೆ ಎಂಟು ಗಂಟೆ ಎಂದು ಯಾರು, ಯಾವಾಗ, ಯಾಕೆ ಮಾಡಿದರೆಂದು ವಾರ್ಡಿನಲ್ಲಿ ಯಾರಿಗೂ ನೆನಪಿರಲಿಲ್ಲ. ಜಗಳ ಹುಟ್ಟಿದ್ದು ಪ್ರಕಾಶ್ ದನಿಯಿಂದಲೋ, ಆ ನಿಯಮದಿಂದಲೋ? ಮನೋರೋಗ ವಾರ್ಡುಗಳಲ್ಲಿ ಕಿಡಿ ಹೊತ್ತಿಕೊಳ್ಳುವ ಜಾಗಗಳು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಕೇಳಿದ್ದನ್ನು ಇಲ್ಲ ಅನ್ನುವುದು, ಬೇಡದ್ದನ್ನು ಮಾಡು ಅನ್ನುವುದು, ಮನೆಯಿಂದ ಕೆಟ್ಟ ಸುದ್ದಿ.

ಇಂಗ್ಲೆಂಡಿನಲ್ಲಿ ಸೇಫ್‌ವಾರ್ಡ್ಸ್ ಎಂಬ ಪದ್ಧತಿಯನ್ನು 31 ವಾರ್ಡುಗಳಲ್ಲಿ ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದರಲ್ಲಿ ಇದ್ದದ್ದು ಹತ್ತು ಸಣ್ಣ ಬದಲಾವಣೆಗಳು. ಕೆಟ್ಟ ಸುದ್ದಿ ಬಂದ ರೋಗಿಯನ್ನು ಮೊದಲೇ ಹೋಗಿ ಮಾತಾಡಿಸುವುದು, ಸಿಬ್ಬಂದಿ ಮತ್ತು ರೋಗಿಗಳು ಒಬ್ಬರಿಂದೊಬ್ಬರು ಏನು ನಿರೀಕ್ಷಿಸುತ್ತಾರೆಂದು ಒಟ್ಟಿಗೆ ಕೂತು ತೀರ್ಮಾನಿಸುವುದು, ಈ ಥರದ್ದು. ಹೋಲಿಕೆಗೆ ಇಟ್ಟುಕೊಂಡ ವಾರ್ಡುಗಳಿಗಿಂತ ಜಗಳಗಳು ಸುಮಾರು 15 ಶೇಕಡಾ, ಕಟ್ಟಿಹಾಕುವಂಥ ಕ್ರಮಗಳು ಸುಮಾರು 26 ಶೇಕಡಾ ಕಡಿಮೆಯಾದವು. ಅದರ ಬದಲು ಆಸ್ಪತ್ರೆಗಳ ಸಿಬ್ಬಂದಿಗೆ ಬರೀ ತರಬೇತಿ ಕೊಟ್ಟರೆ? ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡಿದ 2020ರ ಕೊಕ್ರೇನ್ ವಿಮರ್ಶೆ ಹೇಳುವಂತೆ ತಿಳುವಳಿಕೆ, ಮನೋಭಾವ ಸ್ವಲ್ಪ ಕಾಲ ಸುಧಾರಿಸಬಹುದು. ಹಲ್ಲೆ ಕಡಿಮೆಯಾಗುತ್ತದೆ ಎನ್ನಲು ಗಟ್ಟಿ ಆಧಾರ ಸಿಕ್ಕಿಲ್ಲ. ಹಾಗಂತ ಹೆಡ್‌ಸೆಟ್ ಬೀರುವಿಗೆ ಹಾಕಿ ಎನ್ನುತ್ತಿಲ್ಲ. ಈಜು ಕಲಿಸುವವರು ಕೆರೆಯ ಆಳವನ್ನೂ ನೋಡಬೇಕು ಎನ್ನುತ್ತಿದ್ದೇನೆ, ಅಷ್ಟೇ.

ಆ ಅಂಕಪಟ್ಟಿ ಎಲ್ಲಿಂದ ಬಂತು ಎಂದೂ ನೋಡಿದೆವು. ಅಮೆರಿಕದ ತುರ್ತು ಮನೋವೈದ್ಯರು 2012ರಲ್ಲಿ ಸಿದ್ಧಪಡಿಸಿದ ಒಂದು ಮಾರ್ಗಸೂಚಿ ಇದೆ, ಬೀಟಾ ಎಂಬ ಹೆಸರಿನದು. ಉದ್ರಿಕ್ತ ರೋಗಿಯನ್ನು ಮಾತಿನಿಂದ ಶಾಂತಗೊಳಿಸಲು ಅದರಲ್ಲಿ ಹತ್ತು ಅಂಶ. ದೂರ ಕಾಯ್ದುಕೊಳ್ಳಿ, ಕೆಣಕಬೇಡಿ, ಚಿಕ್ಕ ಮಾತು ಆಡಿ, ಅವರಿಗೆ ಬೇಕಾದ್ದೇನು ಎಂದು ತಿಳಿಯಿರಿ, ಆಯ್ಕೆ ಕೊಡಿ, ಹೀಗೆ. ಹತ್ತನೆಯದು: ಎಲ್ಲ ಮುಗಿದ ಮೇಲೆ ರೋಗಿಯ ಜೊತೆಗೂ ಸಿಬ್ಬಂದಿಯ ಜೊತೆಗೂ ಕೂತು ಮಾತಾಡಿ. ಪ್ರಕಾಶ್ ಅವರ ತರಬೇತಿಯ ಅಂಕಪಟ್ಟಿಯಲ್ಲಿ ಈ ಹತ್ತನೆಯದೊಂದು ಇರಲಿಲ್ಲ. ಅಂದು ರಾತ್ರಿ ವಾರ್ಡಿನಲ್ಲೂ ಇರಲಿಲ್ಲ.

ಕೂತು ಮಾತಾಡುವುದು ಎಂದರೆ ಪೆಟ್ಟು ತಿಂದವರನ್ನು ಅದೇ ದಿನ ಹಿಡಿದು ಕೂರಿಸಿ ಎಲ್ಲವನ್ನೂ ಹೇಳಿಸುವುದಲ್ಲ. ಹಾಗೆ ಒಂದೇ ಸಲ ಹೇಳಿಸಿಬಿಟ್ಟರೆ ಆಘಾತದ ಕಾಯಿಲೆ ತಪ್ಪುವುದಿಲ್ಲ, ಕೆಲವರಿಗೆ ಕೆಡುಕೂ ಆಗಬಹುದು. ಚಹಾ ಕೊಟ್ಟು, ಮನೆಗೆ ಹೋಗಲು ಜೊತೆ ಮಾಡಿ, ನಾಲ್ಕು ದಿನ ಬಿಟ್ಟು ‘ಹೇಗಿದ್ದೀರಿ’ ಎಂದು ಕೇಳಿ, ಹೇಳುವ ಮನಸ್ಸಿದ್ದರೆ ಕೇಳಿಸಿಕೊಳ್ಳುವುದು.

ಆ ಹುಡುಗನ ಹತ್ತಿರ ಹೋಗಿ ಕ್ಷಮೆ ಕೇಳಿಬಿಡುತ್ತೇನೆ ಎಂದು ಪ್ರಕಾಶ್ ಒಮ್ಮೆ ಹೊರಟರು. ತಡೆದೆ. ಓಪಿ ಸಾಲಿನಲ್ಲಿ ನಿಂತವನಿಗೆ ಏಕಾಏಕಿ ಹೋಗಿ ಹೇಳಿದರೆ ನಿಮ್ಮ ಭಾರ ಇಳಿಯಬಹುದು, ಅವನ ಮೇಲೆ ಬೀಳಬಹುದು. ಅವನ ವೈದ್ಯರ ಮೂಲಕ ಕೇಳಿಸಿ: ಅಂದಿನ ರಾತ್ರಿಯ ಬಗ್ಗೆ ಮಾತಾಡಲು ಅವನಿಗೆ ಮನಸ್ಸಿದೆಯಾ? ಇಲ್ಲ ಅಂದರೆ ಅಲ್ಲಿಗೆ ಬಿಡಿ. ಅವನು ಹೂಂ ಎಂದ. ವೈದ್ಯರ ಕೋಣೆಯಲ್ಲೇ ಮೂವರು ಕೂತರು. ಅವನಿಗೆ ಹೆಚ್ಚೇನೂ ನೆನಪಿರಲಿಲ್ಲ. ಕೈ ನೋಯುತ್ತಿತ್ತು ಅಂದ. ತಾನು ಹೊಡೆದದ್ದು ತಪ್ಪು ಅಂದ. ಆಮೇಲೆ “ಬ್ರದರ್, ಈಗಲೂ ಎಂಟಕ್ಕೇ ಫೋನ್ ಬಂದ್ ಮಾಡ್ತೀರಾ?” ಎಂದು ಕೇಳಿದನಂತೆ.

ಟ್ರೈನರ್ ಕೆಲಸದ ಬಗ್ಗೆ ನನ್ನ ಸಲಹೆ ಹೀಗಿತ್ತು: ಒಪ್ಪಿಕೊಳ್ಳಿ, ಈಗಲೇ ಬೇಡ, ಸುಮ್ನೆಯೂ ಬೇಡ. ನಿದ್ದೆ ಸರಿಯಾಗಲಿ. ಆಮೇಲೆ ಕೆಲವು ಷರತ್ತು ಹಾಕಿ. ಹೆಡ್‌ಸೆಟ್‌ನಲ್ಲಿ ಕಳೆದಷ್ಟೇ ಹೊತ್ತು ಅದನ್ನು ತೆಗೆದಿಟ್ಟು ಮಾತಾಡಲು ಸಿಗಬೇಕು. ಹಿಂದೆ ಪೆಟ್ಟು ತಿಂದವರಿಗೆ ದೃಶ್ಯ ಏನೆಂದು ಮೊದಲೇ ಹೇಳಬೇಕು, ಬೇಡ ಅನ್ನಿಸಿದರೆ ತೆಗೆದಿಡಲು ಬಿಡಬೇಕು, ಅದಕ್ಕೆ ಅಂಕ ಕಳೆಯಬಾರದು. ತುಳು, ಮಲಯಾಳಂನಲ್ಲಿ ಸಹೋದ್ಯೋಗಿಯೇ ರೋಗಿಯಾಗಿ ನಟಿಸುವ ಅಭ್ಯಾಸವೂ ಇರಬೇಕು. ಅದಕ್ಕೆ ಕಾಸೂ ಬೇಡ.

ಆಡಳಿತದವರು ಮೊದಲ ಎರಡನ್ನು ಒಪ್ಪಿದರು. ಮೂರನೆಯದಕ್ಕೆ ಸಮಯ ಇಲ್ಲ ಎಂದರು. ಪ್ರಕಾಶ್ ಈಗ ವಾರದಲ್ಲಿ ಒಂದೆರಡು ದಿನ ತರಬೇತಿ, ಉಳಿದ ದಿನ ವಾರ್ಡ್. ನೈಟ್ ಪೂರ್ತಿ ತಪ್ಪಲಿಲ್ಲ, ಆ ಬಗ್ಗೆ ಅವರ ಹೆಂಡತಿಗೆ ನನ್ನ ಮೇಲೆ ಸ್ವಲ್ಪ ಬೇಸರ ಇದೆ. ವಾರ್ಡ್ ಮೀಟಿಂಗಿನಲ್ಲಿ ಫೋನಿನ ವಿಷಯ ಎತ್ತಿದ್ದಾರೆ. ಈಗ ಹತ್ತು ಗಂಟೆಯವರೆಗೆ ಡ್ಯೂಟಿ ರೂಮಿನ ಫೋನಿನಿಂದ ಮನೆಗೆ ಮಾತಾಡಬಹುದು. ಮಾತಾಡುವಾಗ ಒಬ್ಬ ನರ್ಸ್ ಪಕ್ಕದಲ್ಲಿ ನಿಲ್ಲಬೇಕು ಎಂಬ ಹೊಸ ನಿಯಮವೂ ಬಂದಿದೆ. ಅದರ ಮೇಲೆ ಮುಂದಿನ ಮೀಟಿಂಗಿನಲ್ಲಿ ಜಗಳ ಇದೆ ಎಂದರು.

ಇದೇ ಕೆಲಸದಲ್ಲಿ ಇರುವವರಿಗೆ ಎರಡು ಮಾತು. ಪೆಟ್ಟು ಬಿದ್ದ ದಿನವೇ ವರದಿ ಬರೆಯಿರಿ, ನಿಮ್ಮ ಕೈಯಿಂದ ಆದದ್ದನ್ನೂ ಸೇರಿಸಿ. ಬೆಚ್ಚಿಬೀಳುವುದು, ನಿದ್ದೆಗೆಡುವುದು ತಿಂಗಳು ದಾಟಿದರೆ ವೈದ್ಯರನ್ನು ಕಾಣಿ. ನಿಮ್ಮ ಆಸ್ಪತ್ರೆಯವರೇ ಆಗಬೇಕಿಲ್ಲ. ಎಲ್ಲಿಂದ ಶುರುಮಾಡುವುದೆಂದು ಗೊತ್ತಾಗದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಭಾಷೆ ನೀವೇ ಆರಿಸಿಕೊಳ್ಳಬಹುದು.