ಸಂಪಾದಕರ ಉತ್ತರ: ಕಣ್ಣು ದೋಣಿಯಿಂದ ಹೊರಗೆ ಬರಬೇಕು

ಓದುಗರೊಬ್ಬರ ಪತ್ರದ ಸಾರ: "ಹಾಯಿದೋಣಿಯ ಆರಂಭಿಕ ತರಬೇತಿ ಮುಗಿಸಿ ಒಂದು ವರ್ಷವಾಯಿತು. ಒಬ್ಬರೇ ನಡೆಸುವ ಐಎಲ್‌ಸಿಎ 7 ಎಂಬ ಸಣ್ಣ ದೋಣಿಯಲ್ಲಿ, ಹದವಾದ ಗಾಳಿಯಿದ್ದರೆ, ಹೋಗಿ ಬರಲು ಭಯವಿಲ್ಲ. ಎರಡು ಕ್ಲಬ್ ರೇಸ್‌ಗಳಿಗೆ ಇಳಿದು ಎರಡರಲ್ಲೂ ಕೊನೆಯವನಾದೆ. ಇನ್ನೊಂದು ವರ್ಷ ಅಭ್ಯಾಸ ಮಾಡಿ ಆಮೇಲೆ ರೇಸಿಗೆ ಬರುವುದು ಒಳ್ಳೆಯದೇ? ಹೊಸ ಹಾಯಿ ಕೊಂಡರೆ ವೇಗ ಸಿಗುತ್ತದೆಯೇ? ನನಗೆ 29 ವರ್ಷ, ತೂಕ 66 ಕೆ.ಜಿ."

ಕಾಯುವುದು ಬೇಡ. ಹಾಯಿಯ ಮಾತನ್ನು ಕೊನೆಯಲ್ಲಿ ನೋಡೋಣ.

ಒಂದು ವರ್ಷ ಒಬ್ಬರೇ ಅಡ್ಡಾಡಿದರೆ ದೋಣಿ ನಡೆಸುವುದು ರೂಢಿಯಾಗುತ್ತದೆ, ನಿಜ. ತಪ್ಪುಗಳೂ ಅಷ್ಟೇ ರೂಢಿಯಾಗುತ್ತವೆ. ಪಕ್ಕದಲ್ಲಿ ಇನ್ನೊಂದು ದೋಣಿ ಇಲ್ಲದಿದ್ದರೆ ನೀವು ನಿಧಾನವಾಗಿ ಹೋಗುತ್ತಿದ್ದೀರಿ ಎಂದು ಹೇಳುವವರೇ ಇರುವುದಿಲ್ಲ. ರೇಸಿನಲ್ಲಿ ಅದು ಮೊದಲ 50 ಮೀಟರಿನಲ್ಲೇ ಗೊತ್ತಾಗುತ್ತದೆ. ವಾರಕ್ಕೊಂದು ರೇಸ್, ಅದರಲ್ಲಿ ಕಂಡ ಕೊರತೆಗೆ ಒಂದೆರಡು ದಿನದ ಅಭ್ಯಾಸ: ಈ ಲೆಕ್ಕ ಸಾಕು.

ಕಲಿಯುವವರಿಗೂ ಸ್ಪರ್ಧಿಗೂ ಇರುವ ವ್ಯತ್ಯಾಸ ನಮ್ಮ ಪ್ರಕಾರ ಒಂದೇ: ಕಣ್ಣು ಎಲ್ಲಿದೆ ಎಂಬುದು. ಕಲಿಯುವವರ ಕಣ್ಣು ಟಿಲ್ಲರ್ (ಚುಕ್ಕಾಣಿಯ ಹಿಡಿ), ಹಗ್ಗ, ಬೂಮ್ (ಹಾಯಿಯ ಕೆಳಗಿನ ಅಡ್ಡಕೋಲು) ಇವುಗಳ ನಡುವೆ ಓಡಾಡುತ್ತಿರುತ್ತದೆ. ಸ್ಪರ್ಧಿಯ ಕಣ್ಣು ನೀರಿನ ಮೇಲೆ ಬರುತ್ತಿರುವ ಗಾಳಿಯ ಕಪ್ಪು ಪಟ್ಟೆ, ಮುಂದಿನ ಮಾರ್ಕ್ (ಸುತ್ತಿ ಬರಬೇಕಾದ ತೇಲುಗುರುತು), ಪಕ್ಕದ ದೋಣಿಗಳ ಮೇಲಿರುತ್ತದೆ. ಕಣ್ಣು ಹೊರಗೆ ಹೋಗಬೇಕಾದರೆ ಕೈ ಮತ್ತು ಮೈ ತಮ್ಮ ಕೆಲಸ ತಾವೇ ಮಾಡಿಕೊಳ್ಳಬೇಕು.

ಮೊದಲ ಕೆಲಸ ದೋಣಿಯನ್ನು ವಾಲದಂತೆ ಇಡುವುದು. ದೋಣಿ ಗಾಳಿ ಹೋಗುವ ಕಡೆಗೆ ವಾಲಿದರೆ ಅದರ ಮೂತಿ ತಾನಾಗಿ ಗಾಳಿಯತ್ತ ತಿರುಗುತ್ತದೆ. ಅದನ್ನು ತಡೆಯಲು ನೀವು ಟಿಲ್ಲರ್ ಎಳೆದು ಹಿಡಿಯುತ್ತೀರಿ, ಚುಕ್ಕಾಣಿ ನೀರಿಗೆ ಅಡ್ಡ ನಿಂತು ಬ್ರೇಕ್ ಆಗುತ್ತದೆ. ಟಿಲ್ಲರನ್ನು ಎರಡು ಬೆರಳಲ್ಲಿ ಹಿಡಿದು ನೋಡಿ. ಬೆರಳು ನೋಯುತ್ತಿದ್ದರೆ ದೋಣಿ ವಾಲಿದೆ ಎಂದೇ ಅರ್ಥ. ಗಾಳಿಯ ರಭಸ ಬಂದಾಗ ಕ್ರಮ ಹೀಗಿರಲಿ: ಹಾಯಿಯನ್ನು ಎಳೆದು ಹಿಡಿಯುವ ಹಗ್ಗವಾದ ಮೇನ್‌ಶೀಟನ್ನು ಒಂದು ಗೇಣು ಬಿಡಿ, ಅದೇ ಕ್ಷಣ ಮೈಯನ್ನು ಹೊರಗೆ ಚಾಚಿ, ದೋಣಿ ನೇರವಾದಂತೆ ಹಗ್ಗವನ್ನು ಮತ್ತೆ ಒಳಗೆ ಎಳೆಯಿರಿ. ಹೆಚ್ಚಿನವರು ದೋಣಿ ವಾಲಿದ ಮೇಲೆ ಮೈ ಚಾಚುತ್ತಾರೆ. ಅಷ್ಟರಲ್ಲಿ ರಭಸದ ಅರ್ಧ ಲಾಭ ಪಕ್ಕಕ್ಕೆ ಜಾರಿಹೋಗಿರುತ್ತದೆ. ಕಪ್ಪು ಪಟ್ಟೆ ದೋಣಿಗೆ ತಾಗುವ ಮೊದಲೇ ಸೊಂಟ ಹೊರಗಿರಬೇಕು.

ಇದಕ್ಕೆ ತೊಡೆಯ ಬಲ ಬೇಕು. 1948ರಿಂದ 1960ರವರೆಗೆ ಸತತ ನಾಲ್ಕು ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದ ಡೆನ್ಮಾರ್ಕಿನ ಪಾಲ್ ಎಲ್ವ್‌ಸ್ಟ್ರೋಮ್ ದಡದ ಮೇಲೆ ಬೆಂಚಿನಲ್ಲಿ ಹೈಕಿಂಗ್ (ಹೀಗೆ ಮೈಯನ್ನು ಹೊರಗೆ ಚಾಚುವುದು) ಅಭ್ಯಾಸ ಮಾಡುತ್ತಿದ್ದವರು. ಕಾಲು ಸಿಕ್ಕಿಸಿಕೊಳ್ಳಲು ಒಂದು ಪಟ್ಟಿ, ಕೂರಲು ಗಟ್ಟಿ ಅಂಚು ಇದ್ದರೆ ನಿಮಗೂ ಸಾಕು. ಒಂದು ನಿಮಿಷ ಹಿಡಿದು ಅರ್ಧ ನಿಮಿಷ ಬಿಡುವು, ಹೀಗೆ ಐದು ಸಲ. ಮಂಡಿ ನೋಯತೊಡಗಿದರೆ ಮಾತ್ರ ನಿಲ್ಲಿಸಿ. ಉರಿಯಬೇಕಾದದ್ದು ತೊಡೆ, ಮಂಡಿಯಲ್ಲ.

ಎರಡನೆಯದು ಟ್ಯಾಕ್, ಅಂದರೆ ಮೂತಿಯನ್ನು ಗಾಳಿಗೆದುರಾಗಿ ದಾಟಿಸಿ ಹಾಯಿಯನ್ನು ಇನ್ನೊಂದು ಬದಿಗೆ ತರುವುದು. ಎದುರುಗಾಳಿಯ ಒಂದು ಸುತ್ತಿನಲ್ಲಿ ಹತ್ತು ಟ್ಯಾಕ್ ಹೊಡೆದು, ಒಂದೊಂದರಲ್ಲೂ ಪಕ್ಕದವರಿಗಿಂತ ಒಂದು ದೋಣಿಯುದ್ದ ಹೆಚ್ಚು ಕಳೆದುಕೊಂಡರೆ, ಮಾರ್ಕ್ ತಲುಪುವಾಗ ಹತ್ತು ದೋಣಿಯುದ್ದ ಹಿಂದೆ. ಸಣ್ಣ ಗಾಳಿಯಲ್ಲಿ ದೋಣಿಯನ್ನು ವಾಲಿಸಿ ಮಾಡುವ ರೋಲ್ ಟ್ಯಾಕನ್ನು ಬಿಡಿಸಿ ನೋಡೋಣ. ದೋಣಿಯನ್ನು ಗಾಳಿ ಹೋಗುವ ಕಡೆಗೆ ತುಸು ವಾಲಲು ಬಿಡಿ. ಮೂತಿ ತಾನೇ ಗಾಳಿಯತ್ತ ಏರತೊಡಗುತ್ತದೆ. ಟಿಲ್ಲರ್ ಆ ತಿರುವನ್ನು ಹಿಂಬಾಲಿಸಲಿ, ಮುಂದೆ ಓಡಬಾರದು. ಹಾಯಿ ಪಟಪಟ ಎನ್ನುವಾಗ ಒಳಗೆ ಓಡಿಬರಬೇಡಿ, ಇದ್ದ ಕಡೆಯೇ ಜೋರಾಗಿ ಹೊರಗೆ ವಾಲಿ. ದೋಣಿ ನಿಮ್ಮ ಮೇಲೆ ಮಗುಚುತ್ತದೆ ಎನ್ನಿಸಬೇಕು. ಬೂಮ್ ತಲೆಯ ಮೇಲೆ ದಾಟಿದಾಗ ಹಗ್ಗವನ್ನು ಒಂದೆರಡು ಗೇಣು ಬಿಟ್ಟು, ಮುಖ ಮುಂದಕ್ಕೆ ಮಾಡಿಕೊಂಡು ಆಚೆ ಬದಿಗೆ ದಾಟಿ. ಅಲ್ಲಿ ಕೂತು ದೋಣಿಯನ್ನು ನೇರ ಮಾಡುತ್ತಲೇ ಹಗ್ಗ ಎಳೆಯಿರಿ. ಕೈ ಬದಲಾಯಿಸುವುದು ಕೂತ ಮೇಲೆ.

ತಪ್ಪುವುದು ಸಾಮಾನ್ಯವಾಗಿ ಎರಡು ಕಡೆ. ಬೇಗ ದಾಟಿದರೆ ದೋಣಿ ವಾಲುವುದೇ ಇಲ್ಲ, ನೇರ ಮಾಡಿ ಗಳಿಸುವ ತಳ್ಳೂ ಇಲ್ಲ. ಟಿಲ್ಲರನ್ನು ಥಟ್ಟನೆ ತಳ್ಳಿದರೆ ವೇಗ ಸತ್ತು ದೋಣಿ ಗಾಳಿಗೆ ಮೂತಿ ಕೊಟ್ಟು ನಿಂತುಬಿಡುತ್ತದೆ. ಒಂದು ಎಚ್ಚರಿಕೆ: ಟ್ಯಾಕಿನಿಂದ ಹೊರಬರುವಾಗ ದೋಣಿಯ ವೇಗ, ಟ್ಯಾಕ್ ಮಾಡದೇ ಇದ್ದಿದ್ದರೆ ಇರುತ್ತಿದ್ದ ವೇಗಕ್ಕಿಂತ ಹೆಚ್ಚಾಗಬಾರದು ಎಂದು ರೇಸ್ ನಿಯಮಾವಳಿಯ ನಿಯಮ 42 ಹೇಳುತ್ತದೆ. ನಿಮ್ಮ ಹಂತದಲ್ಲಿ ಆ ಅಪಾಯ ದೂರದ್ದು.

ಇನ್ನು ನಿಯಮಗಳು. ಈ ಕ್ರೀಡೆಯ ಜಾಗತಿಕ ಆಡಳಿತ ಸಂಸ್ಥೆ ವರ್ಲ್ಡ್ ಸೇಲಿಂಗ್ ಇವನ್ನು ನಾಲ್ಕು ವರ್ಷಕ್ಕೊಮ್ಮೆ ಪರಿಷ್ಕರಿಸುತ್ತದೆ. ಈಗಿನದು 2025–2028ರ ಆವೃತ್ತಿ. ಇಡೀ ಪುಸ್ತಕ ಬಾಯಿಪಾಠ ಬೇಡ. ಎದುರುಬದುರು ಟ್ಯಾಕಿನಲ್ಲಿ ಪೋರ್ಟ್‌ನವರು (ಗಾಳಿ ಎಡಬದಿಯಿಂದ ಬರುತ್ತಿರುವವರು) ಸ್ಟಾರ್‌ಬೋರ್ಡ್‌ನವರಿಗೆ (ಬಲಬದಿಯಿಂದ ಬರುತ್ತಿರುವವರಿಗೆ) ದಾರಿ ಬಿಡಬೇಕು. ಒಂದೇ ಟ್ಯಾಕಿನಲ್ಲಿ ಅಕ್ಕಪಕ್ಕ ಇದ್ದರೆ ಗಾಳಿ ಬರುವ ಕಡೆ ಇರುವವರು, ಹಿಂದೆಮುಂದೆ ಇದ್ದರೆ ಹಿಂದಿನವರು ದೂರ ಸರಿಯಬೇಕು. ಟ್ಯಾಕ್ ಮಾಡುತ್ತಿರುವವರು ಉಳಿದವರಿಗೆಲ್ಲ ದಾರಿ ಬಿಡಬೇಕು. ಮಾರ್ಕಿನಿಂದ ಮೂರು ದೋಣಿಯುದ್ದದ ವಲಯಕ್ಕೆ ಬಂದಾಗ ಒಳಬದಿಯವರಿಗೆ ಜಾಗದ ಹಕ್ಕು, ವಿನಾಯಿತಿಗಳು ಬೇರೆ ಇವೆ. ತಪ್ಪಿದರೆ ಕೂಡಲೇ ದೂರ ಸರಿದು ಎರಡು ಸುತ್ತು ತಿರುಗಿ. ಮಾರ್ಕ್ ಮುಟ್ಟಿದ್ದಷ್ಟೇ ಆದರೆ ಒಂದು ಸುತ್ತು. ವಾದ ಮಾಡುತ್ತ ಮುಂದೆ ಹೋಗುವವರೇ ಆಮೇಲೆ ಅನರ್ಹರಾಗುವುದು.

ಈಗ ಸ್ಟಾರ್ಟ್. ನೀವು ಕೊನೆಯಾದದ್ದು ಬಹುಶಃ ಇಲ್ಲಿಯೇ. ಸಂಕೇತಗಳು ಸ್ಟಾರ್ಟಿಗೆ 5, 4, 1, 0 ನಿಮಿಷ ಇರುವಾಗ. ಬಾವುಟ ನೋಡಿಯೇ ಗಡಿಯಾರ ಒತ್ತಿ, ಸದ್ದು ಕೇಳಿ ಅಲ್ಲ.

ಅದಕ್ಕೂ ಮೊದಲು ಎರಡು ಕೆಲಸ. ಸ್ಟಾರ್ಟ್ ಗೆರೆಯ ನಡುವೆ ದೋಣಿಯ ಮೂತಿಯನ್ನು ನೇರ ಗಾಳಿಗೆ ಕೊಟ್ಟು ನಿಲ್ಲಿ. ಮೂತಿ ಯಾವ ತುದಿಯತ್ತ ಹೆಚ್ಚು ಬಾಗಿದೆಯೋ ಆ ತುದಿ ಗಾಳಿಗೆ ಹತ್ತಿರ. 100 ಮೀಟರ್ ಗೆರೆ 10 ಡಿಗ್ರಿ ಓರೆಯಾಗಿದ್ದರೆ ಒಂದು ತುದಿ ಇನ್ನೊಂದಕ್ಕಿಂತ ಸುಮಾರು 17 ಮೀಟರ್ ಮುಂದಿರುತ್ತದೆ, 4.23 ಮೀಟರ್ ಉದ್ದದ ನಿಮ್ಮ ದೋಣಿಯ ಲೆಕ್ಕದಲ್ಲಿ ನಾಲ್ಕು ದೋಣಿಯುದ್ದ. ಹಾಗೆಂದು ಆ ತುದಿಗೇ ನುಗ್ಗಬೇಡಿ, ಎಲ್ಲರೂ ಅಲ್ಲೇ ಇರುತ್ತಾರೆ. ಆ ಕಡೆಯ ಮೂರನೇ ಒಂದು ಭಾಗದಲ್ಲಿ, ಗದ್ದಲದಿಂದ ಈಚೆಗೆ ನಿಂತರೆ ಸಾಕು. ಎರಡನೆಯ ಕೆಲಸ, ಗೆರೆಯ ಹೊರಗಿನಿಂದ ಎರಡೂ ತುದಿಗಳನ್ನು ಒಂದೇ ನೋಟಕ್ಕೆ ತಂದು, ಆಚೆ ದಡದಲ್ಲಿ ಅದೇ ನೇರಕ್ಕೆ ಕಾಣುವ ಮರವನ್ನೋ ಕಂಬವನ್ನೋ ಗುರುತಿಟ್ಟುಕೊಳ್ಳುವುದು. ಈ ಗುರುತಿಲ್ಲದವರು ಗೆರೆ ದಾಟಿಬಿಟ್ಟೆವೇನೋ ಎಂಬ ಅಂಜಿಕೆಯಲ್ಲಿ ಎರಡು ದೋಣಿಯುದ್ದ ಹಿಂದೆಯೇ ಉಳಿಯುತ್ತಾರೆ.

ಕೊನೆಯ ನಿಮಿಷದಲ್ಲಿ ಹಾಯಿ ಸಡಿಲ ಬಿಟ್ಟು ನಿಂತಲ್ಲೇ ನಿಲ್ಲುವುದು ಒಂದು ವಿದ್ಯೆ. ನಿಮ್ಮ ಕೆಳಬದಿಯಲ್ಲಿ, ಅಂದರೆ ಗಾಳಿ ಹೋಗುವ ಕಡೆ, ಒಂದು ದೋಣಿ ಹಿಡಿಸುವಷ್ಟು ಖಾಲಿ ಜಾಗ ಕಾಪಾಡಿಕೊಳ್ಳಿ. ಹೊರಡುವಾಗ ಮೂತಿಯನ್ನು ತುಸು ಕೆಳಗಿಳಿಸಿ (ಗಾಳಿಯಿಂದ ಆಚೆಗೆ ತಿರುಗಿಸಿ) ವೇಗ ಹಿಡಿಯಲು ಅದು ಬೇಕು. ಜಾಗವಿಲ್ಲದಿದ್ದರೆ ನಿಂತ ದೋಣಿಯನ್ನು ಗಾಳಿಗೆ ಬಿಗಿದು ಹಿಡಿದು ಒದ್ದಾಡುತ್ತೀರಿ, ಪಕ್ಕದವರು ದಾಟಿಹೋಗಿರುತ್ತಾರೆ. ಅಭ್ಯಾಸಕ್ಕೆ ಒಂದು ಬೋಯ್ (ತೇಲುಗುರುತು) ಸಾಕು. ಅದರ ಪಕ್ಕ 60 ಸೆಕೆಂಡ್ ನಿಲ್ಲಿ, ಆಮೇಲೆ ಹಗ್ಗ ಎಳೆದು ಪೂರ್ತಿ ವೇಗ ಬರಲು ಎಷ್ಟು ಸೆಕೆಂಡ್ ಎಂದು ಎಣಿಸಿ. ಗಾಳಿ ಬದಲಾದಂತೆ ಈ ಅಂಕಿ ಬದಲಾಗುತ್ತದೆ. ಆ ದಿನದ ಅಂಕಿ ಗೊತ್ತಿದ್ದವರು ಸೊನ್ನೆಗೆ ಗೆರೆಯ ಮೇಲಿರುತ್ತಾರೆ.

ಸ್ಟಾರ್ಟ್ ಆದ ಮೇಲೆ ಗಾಳಿಯ ತಿರುವುಗಳು. ಮೂತಿ ಮಾರ್ಕಿನಿಂದ ದೂರಕ್ಕೆ ಬೀಳುತ್ತಿದ್ದರೆ ಟ್ಯಾಕ್, ಮಾರ್ಕಿನತ್ತ ಏರುತ್ತಿದ್ದರೆ ಹಾಗೇ ಮುಂದೆ. ಅಡ್ಡಕ್ಕೆ 100 ಮೀಟರ್ ದೂರವಿರುವ ಎರಡು ದೋಣಿಗಳ ನಡುವೆ 5 ಡಿಗ್ರಿ ತಿರುವೊಂದೇ ಸುಮಾರು 9 ಮೀಟರ್ ವ್ಯತ್ಯಾಸ ತರುತ್ತದೆ. ಹೊಸಬರು ಮಾಡುವುದೇನೆಂದರೆ, ಒಂದೇ ಕಡೆ ಮೂಲೆಯವರೆಗೆ ಹೋಗಿ ಬಿಡುತ್ತಾರೆ. ಅಲ್ಲಿಂದ ಮಾರ್ಕಿಗೆ ನೇರ ಗೆರೆ ಸಿಕ್ಕಿದ ಮೇಲೆ ಯಾವ ತಿರುವಿನ ಲಾಭವೂ ದಕ್ಕುವುದಿಲ್ಲ.

ಹಿಂಗಾಳಿಯ ಬಗ್ಗೆ ಒಂದೇ ಮಾತು: ಬೂಮನ್ನು ಕೆಳಗೆ ಎಳೆದು ಹಿಡಿಯುವ ವ್ಯಾಂಗ್ ತೀರಾ ಸಡಿಲವಾಗಿದ್ದರೆ ಹಾಯಿಯ ಮೇಲ್ತುದಿ ಮುಂದಕ್ಕೆ ತಿರುಚಿಕೊಂಡು ದೋಣಿಯನ್ನು ನಿಮ್ಮ ಕಡೆಗೇ ಉರುಳಿಸುತ್ತದೆ. ತೂಗಾಟ ಶುರುವಾದರೆ ಹಗ್ಗವನ್ನು ಒಂದು ಮೊಳ ಒಳಗೆಳೆಯಿರಿ, ಬಿಡಬೇಡಿ.

ಕ್ಲಬ್ಬಿನಿಂದ ದೊಡ್ಡ ಸ್ಪರ್ಧೆಗೆ ಯಾವಾಗ? 15 ನಾಟ್ (ಗಂಟೆಗೆ ಸುಮಾರು 28 ಕಿ.ಮೀ.) ಗಾಳಿಯಲ್ಲಿ ಮಗುಚದೆ ರೇಸ್ ಮುಗಿಸಿ, ಎರಡರಲ್ಲಿ ಒಂದು ಸ್ಟಾರ್ಟ್ ಮುಂಚೂಣಿಯಲ್ಲಿ ಸಿಗುವಂತಾದಾಗ. ಅಲ್ಲಿ ಬಂದ ಸ್ಥಾನವೇ ಅಂಕ, ಕಡಿಮೆಯಾದಷ್ಟೂ ಮೇಲು. ಐದು ರೇಸ್‌ಗಳಲ್ಲಿ ಕೆಟ್ಟದ್ದೊಂದನ್ನು ಬಿಡುವ ಲೆಕ್ಕದಲ್ಲಿ 6, 7, 8, 7, 9 ಬಂದವರಿಗೆ 28 ಅಂಕ. 1, 2, 20, 14, 18 ಬಂದವರಿಗೆ 35. ಒಂದು ಗೆಲುವಿಗಾಗಿ ಮೂಲೆಗೆ ಜೂಜು ಕಟ್ಟುವವರು ಸೋಲುವುದು ಹೀಗೆ.

ಹೊಸ ಹಾಯಿ ಈಗ ಬೇಡ. ಬದಲಿಸುವುದಾದರೆ ರಿಗ್ (ಕಂಬ ಮತ್ತು ಹಾಯಿಯ ಜೋಡಣೆ) ಬದಲಿಸಿ. ನಿಮ್ಮದು 7.06 ಚದರ ಮೀಟರ್ ಹಾಯಿ. 66 ಕೆ.ಜಿ. ಮೈಗೆ 5.76 ಚದರ ಮೀಟರಿನ ಐಎಲ್‌ಸಿಎ 6 ಒಪ್ಪುತ್ತದೆ. ಒಡಲು ಅದೇ, ಮೇಲಿನ ಕಂಬವೂ ಅದೇ. ಕೆಳಗಿನ ಕಂಬ ಮತ್ತು ಹಾಯಿ ಮಾತ್ರ ಬೇರೆ. ಹಳೆಯದಾದರೂ ಚಿಂತೆಯಿಲ್ಲ. ಹಣ ಉಳಿದರೆ ಸವೆದ ಹಗ್ಗಗಳು, ಟಿಲ್ಲರ್ ಎಕ್ಸ್‌ಟೆನ್ಷನ್‌ನ ಕೀಲು, ಅಲ್ಲಾಡುವ ಚುಕ್ಕಾಣಿ ಇವನ್ನು ಸರಿಪಡಿಸಿ. ಪ್ರತಿ ಸಲ ದಡಕ್ಕೆ ಬಂದಾಗ ಹಿಂಬದಿಯ ಬಿರಡೆ ತೆಗೆದು ಒಡಲೊಳಗಿನ ನೀರನ್ನು ಅಳತೆಯ ಪಾತ್ರೆಗೆ ಇಳಿಸಿಕೊಳ್ಳಿ. ಐದು ಲೀಟರ್ ಬಂದರೆ ರೇಸ್ ಮುಗಿಯುವ ಹೊತ್ತಿಗೆ ಐದು ಕೆ.ಜಿ. ಭಾರ ಹೊತ್ತಿದ್ದಿರಿ ಎಂದಾಯಿತು. ಸೋರುವ ಜಾಗ ಹೆಚ್ಚಾಗಿ ಬಿರಡೆಯ ಉಂಗುರ, ಬೈಲರ್ (ನೀರು ಹೊರಹೋಗುವ ಕಿಂಡಿ) ಅಥವಾ ಕಂಬ ಕೂರುವ ಕುಳಿಯ ತಳ.